ಆಟೋಇಮ್ಯೂನ್ ಕಾಯಿಲೆಗೆ ಸಣ್ಣ ಅಣು: ಪ್ರಾಜೆಕ್ಟಿಗೆ ಯಾವ ಟಾರ್ಗೆಟ್ ಹಿಡಿಯೋಣ?

ಫಾರ್ಮಸಿಯ ಸ್ನಾತಕೋತ್ತರ ಕೋರ್ಸ್ ಎಂ.ಫಾರ್ಮ್‌ನ ಎರಡನೇ ವರ್ಷ ಹತ್ತಿರ ಬಂತೆಂದರೆ ದೇರಳಕಟ್ಟೆ, ವಳಚ್ಚಿಲ್, ಮಣಿಪಾಲ ಕಡೆಯ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮೇಡಂ, ಆಟೋಇಮ್ಯೂನ್ ಕಾಯಿಲೆಗೆ ಹೊಸ ಅಣು ಡಿಸೈನ್ ಮಾಡ್ಬೇಕು ಅಂತಿದೆ. ಟಾರ್ಗೆಟ್ ಯಾವುದು ತಗೊಳ್ಳಲಿ?" ಆಟೋಇಮ್ಯೂನ್ ಎಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೈಯ ಮೇಲೆಯೇ ದಾಳಿ ಮಾಡುವ ಕಾಯಿಲೆ. ಟಾರ್ಗೆಟ್ ಎಂದರೆ ಔಷಧಿಯ ಅಣು ಹೋಗಿ ಹಿಡಿಯಬೇಕಾದ ಪ್ರೋಟೀನ್. ಕೆಲವರು ಆಗಲೇ ಹೆಸರುಗಳನ್ನು ಬರೆದುಕೊಂಡು ಬಂದಿರುತ್ತಾರೆ. ಜ್ಯಾಕ್, ಎಸ್1ಪಿ, ಸಿ5ಎ, ಟಿಎಲ್‌ಆರ್, ಟಿಎನ್‌ಎಫ್. ಒಂದೊಂದು ಏನೆಂದು ಮುಂದೆ ಬಿಡಿಸಿ ಹೇಳುತ್ತೇನೆ. ಎಲ್ಲದರ ಮೇಲೂ ರಾಶಿ ರಾಶಿ ಪೇಪರ್‌ಗಳಿವೆ. ಎಲ್ಲವೂ ಒಳ್ಳೆಯದೇ ಅನ್ನಿಸುತ್ತದೆ. ಗೊಂದಲ ಆಗುವುದು ಅದಕ್ಕೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಾಯಿಲೆಯ ಹೆಸರು ನೋಡಿ ಟಾರ್ಗೆಟ್ ಆರಿಸಬೇಡಿ. "ನಿನ್ನ ಅಣು ಕೆಲಸ ಮಾಡಲಿಲ್ಲ" ಎಂದು ನಿಮಗೆ ಮುಖಕ್ಕೆ ಹೊಡೆದ ಹಾಗೆ ಹೇಳಬಲ್ಲ ಟೆಸ್ಟ್ ಯಾವುದು ನಿಮ್ಮ ಕೈಗೆಟಕುತ್ತದೆ ಎಂದು ನೋಡಿ. ಆ ಟೆಸ್ಟ್ ಇರುವ ಟಾರ್ಗೆಟ್ ಹಿಡಿಯಿರಿ. ಅಣು ಪ್ರೋಟೀನಿನಲ್ಲಿ ಹೇಗೆ ಕೂರುತ್ತದೆ ಎಂದು ಕಂಪ್ಯೂಟರ್‌ನಲ್ಲಿ ಅಂದಾಜು ಮಾಡುವ ಡಾಕಿಂಗ್ ಸಾಫ್ಟ್‌ವೇರ್ ಯಾವ ಅಣುವಿಗೂ ಇಲ್ಲ ಅನ್ನುವುದಿಲ್ಲ, ಏನಾದರೊಂದು ಅಂಕ ಕೊಟ್ಟೇ ಕೊಡುತ್ತದೆ.

ಸಣ್ಣ ಅಣುವೇ ಯಾಕೆ?

ಸಣ್ಣ ಅಣು ಎಂದರೆ ಮಾತ್ರೆಯಾಗಿ ನುಂಗಬಹುದಾದ ಪುಟ್ಟ ರಾಸಾಯನಿಕ. ಆಂಟಿಬಾಡಿ ದೊಡ್ಡ ಪ್ರೋಟೀನ್, ಚುಚ್ಚಿಯೇ ಕೊಡಬೇಕು. ಆಂಟಿಬಾಡಿ ಇಂಜೆಕ್ಷನ್‌ಗಳು ಬಂದು ಕಾಲು ಶತಮಾನ ಕಳೆಯಿತು. ಇನ್‌ಫ್ಲಿಕ್ಸಿಮ್ಯಾಬ್ 1998ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು. ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಜೂನ್ ತಿಂಗಳಲ್ಲಿ ಬೈಂದೂರಿನಲ್ಲೋ ಸುಳ್ಯದಲ್ಲೋ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳಲಾಗದು, ಫ್ರಿಜ್ಜಿನಲ್ಲಿರುವ ಸಿರಿಂಜ್ ಏನಾಗಬೇಕು? ಮಾತ್ರೆಗೆ ಆ ತಾಪತ್ರಯ ಇಲ್ಲ. ಫ್ಯಾಕ್ಟರಿಯಲ್ಲಿ ಮಾಡುವುದೂ ಅಗ್ಗ.

ಇನ್ನೊಂದು ಲಾಭ, ಬೇಕಾದಾಗ ನಿಲ್ಲಿಸಬಹುದು. ರೋಗಿಗೆ ನ್ಯುಮೋನಿಯಾ ಬಂತು, ಔಷಧಿ ನಿಲ್ಲಿಸಬೇಕು ಅಂದುಕೊಳ್ಳಿ. ಜ್ಯಾಕ್ ತಡೆಯುವ ಟೋಫಾಸಿಟಿನಿಬ್‌ನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಸುಮಾರು 3 ಗಂಟೆ. ಮರುದಿನಕ್ಕೆ ರಕ್ತದಲ್ಲಿ ಏನೂ ಉಳಿದಿರುವುದಿಲ್ಲ. ಹಾಗಂತ ಸಣ್ಣ ಅಣುಗಳೆಲ್ಲ ಹೀಗೆ ಎಂದು ತಿಳಿಯಬೇಡಿ. ಎಸ್1ಪಿ ಗುಂಪಿನ ಫಿಂಗೊಲಿಮೋಡ್‌ನ ಅರ್ಧಾಯುಷ್ಯ 6ರಿಂದ 9 ದಿನ. ನಿಲ್ಲಿಸಿದ ಮೇಲೂ ಲಿಂಫೋಸೈಟ್ ಎಂಬ ಬಿಳಿರಕ್ತಕಣಗಳ ಸಂಖ್ಯೆ ಮೇಲೇರಲು ವಾರಗಟ್ಟಲೆ ಬೇಕು.

ಯಾವ ಅಳತೆಯಲ್ಲಿ ತೂಗುವುದು

ಮೊದಲನೆಯದು, ಅಣು ಹೋಗಿ ಕೂರಲು ಜಾಗ ಇದೆಯೇ? ಕಾಗದದ ಮೇಲಲ್ಲ. ಯಾವುದಾದರೂ ಸಣ್ಣ ಅಣು ಕೂತಿರುವ ಹಾಗೆಯೇ ಸ್ಫಟಿಕ ರಚನೆ ಪಿಡಿಬಿ ಎಂಬ ಪ್ರೋಟೀನ್ ರಚನೆಗಳ ಸಂಗ್ರಹದಲ್ಲಿ ಇದೆಯೇ ಎಂದು ನೋಡಬೇಕು. ಎರಡನೆಯದು, ಟೆಸ್ಟ್. ಕಿಟ್ ಸಿಗುತ್ತದೆಯೇ, ಅದನ್ನು ಓದುವ ಮೆಷಿನ್ ಕಾಲೇಜಿನಲ್ಲಿ ಇದೆಯೇ, ಇಲ್ಲದಿದ್ದರೆ ಪಕ್ಕದ ಕಾಲೇಜಿನವರು ಕೊಡುತ್ತಾರೆಯೇ. ಮೂರನೆಯದು, ಅದೇ ಕುಟುಂಬದ ಇನ್ನೊಂದು ಪ್ರೋಟೀನಿಗೆ ತಗುಲಿದರೆ ಏನು ಅನಾಹುತ. ನಾಲ್ಕನೆಯದನ್ನು ತುಂಬಾ ಜನ ಮರೆಯುತ್ತಾರೆ. ಇಲಿಯ ರಿಸೆಪ್ಟರ್ (ಜೀವಕೋಶಕ್ಕೆ ಬರುವ ಸಂದೇಶ ಹಿಡಿಯುವ ಪ್ರೋಟೀನ್) ಮನುಷ್ಯನದ್ದರ ಹಾಗೆಯೇ ವರ್ತಿಸುತ್ತದೆಯೇ? ಇಲ್ಲದಿದ್ದರೆ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಪ್ರಯೋಜನವಿಲ್ಲ.

ಕೊನೆಯದು, ವರ್ಷಗಟ್ಟಲೆ ತಡೆದಿಟ್ಟರೆ ದೇಹ ತಾಳುತ್ತದೆಯೇ. ಇಲ್ಲಿ ನಮ್ಮ ದೇಶದ ಲೆಕ್ಕ ಬೇರೆ. ಪ್ರಪಂಚದ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಪಾಲು ಭಾರತದವರು. ಎಷ್ಟೋ ಜನರ ಮೈಯಲ್ಲಿ ಟಿಬಿ ಬ್ಯಾಕ್ಟೀರಿಯಾ ಸುಮ್ನೆ ಮಲಗಿರುತ್ತದೆ. ಇಮ್ಯೂನಿಟಿಯನ್ನು ಒಂದು ಕಡೆ ಕುಗ್ಗಿಸಿದರೆ ಅದು ಇನ್ನೊಂದು ಕಡೆ ಎದ್ದು ಕೂರಬಹುದು. ಯುರೋಪಿನಲ್ಲಿ ಬರೆದ ರಿವ್ಯೂ ಪೇಪರ್‌ನಲ್ಲಿ ಇದಕ್ಕೆ ಒಂದು ಸಾಲು ಸಿಕ್ಕಿರುತ್ತದೆ ಅಷ್ಟೆ. ನಿಮ್ಮ ಸಿನಾಪ್ಸಿಸ್‌ನಲ್ಲಿ, ಅಂದರೆ ಪ್ರಾಜೆಕ್ಟಿನ ಪ್ರಸ್ತಾವದಲ್ಲಿ, ಒಂದು ಪ್ಯಾರಾ ಆದರೂ ಇರಲಿ.

ಜ್ಯಾಕ್ ಮತ್ತು ಟಿವೈಕೆ2

ನಿಜ ಹೇಳಬೇಕೆಂದರೆ ಜ್ಯಾಕ್ ರಿಸೆಪ್ಟರ್ ಅಲ್ಲ. ರಕ್ಷಣಾ ಕೋಶಗಳ ನಡುವೆ ಸಂದೇಶ ಒಯ್ಯುವ ಹಲವು ಇಂಟರ್‌ಲ್ಯೂಕಿನ್, ಇಂಟರ್‌ಫೆರಾನ್‌ಗಳ ರಿಸೆಪ್ಟರ್‌ಗೆ ಸ್ವಂತ ಎಂಜೈಮ್ ಇಲ್ಲ. ಜೀವಕೋಶದ ಒಳಗಿನ ತುದಿಯಲ್ಲಿ ಜ್ಯಾಕ್ ಎಂಬ ಕೈನೇಸ್, ಅಂದರೆ ಫಾಸ್ಫೇಟ್ ಹಚ್ಚುವ ಎಂಜೈಮ್, ಅಂಟಿಕೊಂಡಿರುತ್ತದೆ. ಹೊರಗೆ ಸಂದೇಶ ಬಂದರೆ ಒಳಗೆ ಅದು ಚುರುಕಾಗಿ ಸ್ಟ್ಯಾಟ್ ಎಂಬ ಪ್ರೋಟೀನಿಗೆ ಫಾಸ್ಫೇಟ್ ಹಚ್ಚುತ್ತದೆ. ರಿಸೆಪ್ಟರ್‌ನ ಹೊರಮೈಯಲ್ಲಿ ಸಣ್ಣ ಅಣುವಿಗೆ ಜಾಗ ಸಿಗುವುದು ಕಷ್ಟ. ಅದಕ್ಕೇ ವಿಜ್ಞಾನಿಗಳು ಒಳಗಿನ ಕೈನೇಸನ್ನು ಹಿಡಿದರು. ಟೋಫಾಸಿಟಿನಿಬ್‌ಗೆ 2012ರ ನವೆಂಬರ್‌ನಲ್ಲಿ ರುಮಟಾಯ್ಡ್ ಸಂಧಿವಾತಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿತು. ಆಮೇಲೆ ಬಾರಿಸಿಟಿನಿಬ್, ಉಪಡಾಸಿಟಿನಿಬ್ ಬಂದವು.

ಜಾಗದ ವಿಷಯದಲ್ಲಿ ಇದಕ್ಕಿಂತ ಸುಲಭದ ಟಾರ್ಗೆಟ್ ಇಲ್ಲ. ಕೈನೇಸಿಗೆ ಫಾಸ್ಫೇಟ್ ಒದಗಿಸುವ ಎಟಿಪಿ ಎಂಬ ಅಣು ಕೂರುವ ಪಾಕೆಟ್ ಆಳವಾಗಿದೆ, ರಚನೆಗಳು ಬೇಕಾದಷ್ಟಿವೆ, ಡಾಕಿಂಗ್ ಸಹ ಮರ್ಯಾದೆಯಾಗಿ ನಡೆಯುತ್ತದೆ. ತೊಂದರೆಯೂ ಅಲ್ಲೇ. ಈ ಕುಟುಂಬದ ಜ್ಯಾಕ್1, ಜ್ಯಾಕ್2, ಜ್ಯಾಕ್3, ಟಿವೈಕೆ2 ನಾಲ್ಕರಲ್ಲೂ ಆ ಪಾಕೆಟ್ ಹೆಚ್ಚುಕಡಿಮೆ ಒಂದೇ ಥರ. ಜ್ಯಾಕ್2ಕ್ಕೆ ಜಾಸ್ತಿ ತಗುಲಿದರೆ ಕೆಂಪು ರಕ್ತಕಣ ಮಾಡಿಸುವ ಎರಿತ್ರೋಪೊಯೆಟಿನ್ ಸಂದೇಶ ನಿಂತು ರಕ್ತಹೀನತೆ ಬರುತ್ತದೆ.

ಇದರಿಂದ ಪಾರಾಗಲು ಎರಡು ದಾರಿಗಳನ್ನು ಕಂಡುಕೊಂಡಿದ್ದಾರೆ. ಎರಡೂ ಚೆಂದ. ಜ್ಯಾಕ್3ರಲ್ಲಿ 909ನೇ ಜಾಗದಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲ ಇದೆ. ಉಳಿದ ಮೂರರಲ್ಲಿ ಅದೇ ಜಾಗದಲ್ಲಿ ಸೆರೀನ್. ಆ ಸಿಸ್ಟೀನಿಗೆ ಹೋಗಿ ಗಟ್ಟಿಯಾಗಿ ಬೆಸೆದುಕೊಳ್ಳುವ ಹಾಗೆ ರಿಟ್ಲೆಸಿಟಿನಿಬ್ ಡಿಸೈನ್ ಆಯಿತು. 2023ರಲ್ಲಿ ಅಲೊಪೀಶಿಯಾ ಅರಿಯಾಟಾಗೆ, ಅಂದರೆ ತಲೆಗೂದಲು ಬಿಲ್ಲೆಬಿಲ್ಲೆಯಾಗಿ ಉದುರುವ ಕಾಯಿಲೆಗೆ, ಎಫ್‌ಡಿಎ ಒಪ್ಪಿತು.

ಇನ್ನೊಂದು ಡ್ಯೂಕ್ರವಾಸಿಟಿನಿಬ್. ಇದು ಎಟಿಪಿ ಪಾಕೆಟ್‌ನ ತಂಟೆಗೇ ಹೋಗುವುದಿಲ್ಲ. ಟಿವೈಕೆ2ಗೆ ಪಕ್ಕದಲ್ಲೇ ಕೈನೇಸಿನ ಹಾಗೆ ಕಾಣುವ ಇನ್ನೊಂದು ಭಾಗ ಇದೆ, ಸೂಡೋಕೈನೇಸ್ ಎನ್ನುತ್ತಾರೆ. ಅಲ್ಲಿ ಕೂತು ಇಡೀ ಪ್ರೋಟೀನನ್ನು ಮಲಗಿದ ಸ್ಥಿತಿಯಲ್ಲೇ ಇಡುತ್ತದೆ. ಈ ಅಣುವಿನ ಚಿತ್ರ ಹತ್ತಿರದಿಂದ ನೋಡಿ. ಒಂದು ಮೀಥೈಲ್ ಗುಂಪಿನಲ್ಲಿ ಹೈಡ್ರೋಜನ್ ಮೂರರ ಬದಲು ಡ್ಯುಟೀರಿಯಂ (ಭಾರವಾದ ಹೈಡ್ರೋಜನ್) ಮೂರು ಇವೆ. ಸುಮ್ನೆ ಪೇಟೆಂಟಿಗೆ ಹಾಕಿದ್ದಲ್ಲ. ಲಿವರ್ ಆ ಮೀಥೈಲನ್ನು ಕಿತ್ತು ಹಾಕಿದರೆ ಉಳಿಯುವ ಅಣು ಬೇರೆ ಪ್ರೋಟೀನುಗಳಿಗೂ ತಗುಲುತ್ತದೆ. ಡ್ಯುಟೀರಿಯಂ ಇದ್ದರೆ ಕೀಳುವುದು ಕಷ್ಟ. ಔಷಧಿಯ ಡಿಸೈನ್ ಅಂದರೆ ಪಾಕೆಟ್ ಒಳಗಿನ ಕತೆ ಮಾತ್ರ ಅಲ್ಲ, ಲಿವರ್‌ನ ಕತೆಯೂ ಹೌದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸೋರಿಯಾಸಿಸ್‌ಗೆ 2022ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಆಯಿತು, ದಿನಕ್ಕೆ 6 ಮಿ.ಗ್ರಾಂ.

ಇನ್ನು ಟೆಸ್ಟ್. ಕೈನೇಸ್ ಕಿಟ್ ಸಿಗುತ್ತದೆ, ಪ್ಲೇಟ್ ರೀಡರ್ ಇದ್ದರೆ ಸಾಕು. ಜೀವಕೋಶ ಬೆಳೆಸುವ ಕಷ್ಟ ಇಲ್ಲ. ಆದರೆ ಇಲ್ಲೊಂದು ಗುಂಡಿ ಇದೆ. ಕಿಟ್‌ನಲ್ಲಿ ಎಟಿಪಿ ಕಡಿಮೆ ಹಾಕಿದಷ್ಟೂ ನಿಮ್ಮ ಅಣು ಶೂರನ ಹಾಗೆ ಕಾಣುತ್ತದೆ. ನಿಜವಾದ ಜೀವಕೋಶದಲ್ಲಿ ಎಟಿಪಿ ಮಿಲಿಮೋಲಾರ್ ಲೆಕ್ಕದಲ್ಲಿ ಇರುತ್ತದೆ. ಅಲ್ಲಿ ಎಟಿಪಿಯನ್ನು ತಳ್ಳಿ ಜಾಗ ಹಿಡಿಯಬೇಕು. ಕಿಟ್‌ನಲ್ಲಿ 10 ನ್ಯಾನೋಮೋಲಾರ್ ಬಂದ ಅಣು ಜೀವಕೋಶದಲ್ಲಿ ಮೈಕ್ರೋಮೋಲಾರ್‌ಗೆ ಜಾರುವುದು ಮಾಮೂಲಿ. ಹಾಗಾಗಿ ಯಾವ ಎಟಿಪಿ ಪ್ರಮಾಣದಲ್ಲಿ ಅಳೆದಿರಿ ಎಂದು ಬರೆಯದ ಐಸಿ50ಯನ್ನು (ಎಂಜೈಮಿನ ಕೆಲಸವನ್ನು ಅರ್ಧಕ್ಕೆ ಇಳಿಸುವ ಅಣುವಿನ ಪ್ರಮಾಣ) ನಂಬಬೇಡಿ. ನೀವು ಬರೆಯುವಾಗ ಬಿಡಲೂ ಬೇಡಿ.

ಸುರಕ್ಷತೆಯ ಕಡೆ ನೋಡಿದರೆ ಈ ಕುಟುಂಬದ ಹೆಸರು ಸ್ವಲ್ಪ ಕೆಟ್ಟಿದೆ. ಟೋಫಾಸಿಟಿನಿಬ್ ತೆಗೆದುಕೊಂಡ, 50 ದಾಟಿದ, ಹೃದಯದ ಅಪಾಯವೂ ಇದ್ದ ಸಂಧಿವಾತ ರೋಗಿಗಳಲ್ಲಿ ಹೃದಯಾಘಾತ, ಕ್ಯಾನ್ಸರ್ ಇತ್ಯಾದಿ ಟಿಎನ್‌ಎಫ್ ಎಂಬ ಉರಿಯೂತದ ಸಂದೇಶವನ್ನು ತಡೆಯುವ ಇಂಜೆಕ್ಷನ್ ತೆಗೆದುಕೊಂಡವರಿಗಿಂತ ಜಾಸ್ತಿ ಕಂಡವು. 2021ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎ ಎಚ್ಚರಿಕೆಯನ್ನು ಬಿಗಿ ಮಾಡಿತು. ಸರ್ಪಸುತ್ತು ಬರುವುದೂ ಉಂಟು. ಶುರು ಮಾಡುವ ಮೊದಲು ಟಿಬಿ ಪರೀಕ್ಷೆ ಆಗಲೇಬೇಕು. ಟಿವೈಕೆ2 ವಿಷಯದಲ್ಲಿ ಪ್ರಕೃತಿಯೇ ಒಂದು ಪ್ರಯೋಗ ಮಾಡಿಟ್ಟಿದೆ. ಪಿ1104ಎ ಎಂಬ ವ್ಯತ್ಯಾಸ ಇರುವವರಿಗೆ ಹಲವು ಆಟೋಇಮ್ಯೂನ್ ಕಾಯಿಲೆಗಳು ಬರುವ ಸಾಧ್ಯತೆ ಕಡಿಮೆ. ಆದರೆ ಅಪ್ಪ ಅಮ್ಮ ಇಬ್ಬರಿಂದಲೂ ಅದೇ ಪ್ರತಿ ಬಂದವರಿಗೆ ಟಿಬಿ ಸುಲಭವಾಗಿ ಅಂಟುತ್ತದೆ ಎಂದು 2018ರಲ್ಲಿ ಗೊತ್ತಾಯಿತು. ಲಾಭ ಮತ್ತು ಬೆಲೆ ಎರಡೂ ಒಂದೇ ಜೀನಿನಲ್ಲಿ. ನಮ್ಮ ಊರಿನಲ್ಲಿ ಟಿವೈಕೆ2 ಮೇಲೆ ಕೆಲಸ ಮಾಡುವವರು ಇದನ್ನು ಓದದೆ ಮುಂದೆ ಹೋಗಬಾರದು.

ಎಸ್1ಪಿ1

ಇದು ಜೀವಕೋಶದ ಮೇಲ್ಮೈಯಲ್ಲಿರುವ ನಿಜವಾದ ರಿಸೆಪ್ಟರ್, ಜಿಪಿಸಿಆರ್ ಎಂಬ ದೊಡ್ಡ ರಿಸೆಪ್ಟರ್ ಕುಟುಂಬದ್ದು. ಲಿಂಫೋಸೈಟ್‌ಗಳು ಲಿಂಫ್ ಗಂಟಿನಿಂದ ಹೊರಗೆ ಬರಲು ಇದು ಬೇಕು. ಇದನ್ನು ಮಾಯ ಮಾಡಿದರೆ ಅವು ಒಳಗೇ ಉಳಿಯುತ್ತವೆ, ಮೆದುಳಿಗೋ ಕರುಳಿಗೋ ಹೋಗಿ ದಾಳಿ ಮಾಡುವುದಿಲ್ಲ. ಒಂದು ಶಿಲೀಂಧ್ರದಲ್ಲಿ ಸಿಕ್ಕ ಮಿರಿಯೋಸಿನ್ ಎಂಬ ಅಣುವನ್ನು ತಿದ್ದಿ ತೀಡಿ ಫಿಂಗೊಲಿಮೋಡ್ ಮಾಡಿದರು. 2010ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆಗೆ ಎಫ್‌ಡಿಎ ಒಪ್ಪಿಗೆ ಪಡೆದ ಮೊದಲ ಬಾಯಿಂದ ತೆಗೆದುಕೊಳ್ಳುವ ಔಷಧಿ ಅದೇ.

ಇಲ್ಲಿ ಎಲ್ಲರೂ ಎಡವುವ ಒಂದು ಸಂಗತಿ ಇದೆ. ಫಿಂಗೊಲಿಮೋಡ್ ರಿಸೆಪ್ಟರನ್ನು ತಡೆಯುವುದಿಲ್ಲ, ಚಾಲೂ ಮಾಡುತ್ತದೆ! ಮೈಯೊಳಗೆ ಫಾಸ್ಫೇಟ್ ಅಂಟಿಸಿಕೊಂಡು ಎಸ್1ಪಿ1ನ್ನು ಎಷ್ಟು ಕೆಣಕುತ್ತದೆ ಎಂದರೆ ಜೀವಕೋಶ ಬೇಸತ್ತು ರಿಸೆಪ್ಟರನ್ನೇ ಒಳಗೆ ಎಳೆದುಕೊಂಡು ಒಡೆದು ಹಾಕುತ್ತದೆ. ಕೊನೆಗೆ ಆಗುವ ಪರಿಣಾಮ ತಡೆದ ಹಾಗೆಯೇ. ಡಾಕಿಂಗ್‌ನಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಅಣು ಕೂತಿತೋ ಇಲ್ಲವೋ ಎಂದಷ್ಟೇ ಅದು ಹೇಳುತ್ತದೆ, ಕೂತು ಏನು ಮಾಡಿತು ಎಂದು ಹೇಳುವುದಿಲ್ಲ. "ಎಸ್1ಪಿ1 ಆಂಟಗೋನಿಸ್ಟ್ (ತಡೆಯುವ ಅಣು) ಡಿಸೈನ್ ಮಾಡಿದೆ" ಎಂದು ಬರೀ ಕಂಪ್ಯೂಟರ್ ಮುಂದೆ ಕೂತು ಯಾರಾದರೂ ಬರೆದರೆ ವೈವಾದಲ್ಲಿ ನಾನು ಮೊದಲು ಕೇಳುವುದು ಇದನ್ನೇ.

ಇದರ ಒಳ್ಳೆಯ ಗುಣ ಪ್ರಾಣಿಗಳ ಟೆಸ್ಟ್‌ನಲ್ಲಿದೆ. ಇಲಿಗೆ ಬಾಯಿಂದ ಔಷಧಿ ಕೊಡಿ, ಕೆಲವು ಗಂಟೆ ಬಿಟ್ಟು ಬಾಲದಿಂದ ಒಂದೆರಡು ಹನಿ ರಕ್ತ ತೆಗೆದು ಲಿಂಫೋಸೈಟ್ ಎಣಿಸಿ. ಸಂಖ್ಯೆ ಇಳಿದಿದ್ದರೆ ಅಣು ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಇಲ್ಲ. ಎನಿಮಲ್ ಹೌಸ್ ಮತ್ತು ನೈತಿಕ ಸಮಿತಿಯ ಒಪ್ಪಿಗೆ ಇದ್ದರೆ ಇಷ್ಟು ನೇರವಾದ, ಕಡಿಮೆ ಖರ್ಚಿನ ಉತ್ತರ ಬೇರೆ ಯಾವ ಟಾರ್ಗೆಟ್‌ನಲ್ಲೂ ಸಿಗುವುದಿಲ್ಲ.

ಆದರೆ ಜಾಗ ಕಿಕ್ಕಿರಿದಿದೆ. ಸಿಪೋನಿಮೋಡ್, ಓಜಾನಿಮೋಡ್, ಪೋನೆಸಿಮೋಡ್, 2023ರಲ್ಲಿ ಎಟ್ರಾಸಿಮೋಡ್. ಹೊಸದಾಗಿ ಹೇಳಲು ಉಳಿದಿರುವುದು ಕಡಿಮೆ. ಮೊದಲ ಡೋಸ್‌ಗೆ ಹೃದಯದ ಬಡಿತ ನಿಧಾನವಾಗುವುದು, ಕಣ್ಣಿನ ಮ್ಯಾಕ್ಯುಲಾದಲ್ಲಿ ನೀರು ತುಂಬುವುದು ಈ ಗುಂಪಿನ ಹಳೆಯ ತಲೆನೋವು. ರಚನೆ 2012ರಲ್ಲೇ ಬಂದಿದೆ. ಅದರಲ್ಲಿ ರಿಸೆಪ್ಟರ್‌ನ ಬಾಯಿಗೆ ಮುಚ್ಚಳ ಹಾಕಿದ ಹಾಗಿದ್ದು, ಈ ರಿಸೆಪ್ಟರ್ ಹಿಡಿಯುವ ಎಸ್1ಪಿ ಎಂಬ ಕೊಬ್ಬಿನ ಅಣು ಪೊರೆಯ ಬದಿಯಿಂದ ನುಸುಳಿ ಒಳಗೆ ಬರುತ್ತದೆ ಎಂದು ಅಂದಾಜು. ಅಂದರೆ ಅಣು ಸ್ವಲ್ಪ ಜಿಡ್ಡಾಗಿಯೇ ಇರಬೇಕಾಗುತ್ತದೆ.

ಸಿ5ಎ ರಿಸೆಪ್ಟರ್

ಕಾಂಪ್ಲಿಮೆಂಟ್ ಎಂಬ ರಕ್ಷಣಾ ಸರಪಳಿಯಲ್ಲಿ ಸಿ5 ಎಂಬ ಪ್ರೋಟೀನ್ ಎರಡಾಗಿ ಒಡೆಯುತ್ತದೆ. ಒಂದು ತುಂಡು ಸಿ5ಎ, ಅದು ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳನ್ನು ಕೆರಳಿಸುತ್ತದೆ. ಇನ್ನೊಂದು ತುಂಡು ಸಿ5ಬಿ, ಅದು ಬ್ಯಾಕ್ಟೀರಿಯಾದ ಪೊರೆಗೆ ತೂತು ಕೊರೆಯುವ ಕೆಲಸಕ್ಕೆ ಹೋಗುತ್ತದೆ. ಸಿ5ನ್ನೇ ತಡೆಯುವ ಆಂಟಿಬಾಡಿ ಕೊಟ್ಟರೆ ಎರಡೂ ನಿಲ್ಲುತ್ತವೆ, ಮೆನಿಂಜೈಟಿಸ್ ತರುವ ನೈಸೀರಿಯಾ ಬ್ಯಾಕ್ಟೀರಿಯಾದ ಭಯ ಹೆಚ್ಚುತ್ತದೆ. ಸಿ5ಎ ರಿಸೆಪ್ಟರ್ ಒಂದನ್ನೇ ತಡೆದರೆ ತೂತು ಕೊರೆಯುವ ಕೆಲಸ ಹಾಗೇ ಉಳಿಯುತ್ತದೆ. ಯೋಚನೆ ಜಾಣತನದ್ದು. ಅವಕೋಪಾನ್ ಎಂಬ ಅಣು 2021ರ ಅಕ್ಟೋಬರ್‌ನಲ್ಲಿ ಆಂಕಾ ವ್ಯಾಸ್ಕುಲೈಟಿಸ್ ಎಂಬ ರಕ್ತನಾಳಗಳ ಉರಿಯೂತಕ್ಕೆ ಎಫ್‌ಡಿಎ ಒಪ್ಪಿಗೆ ಪಡೆಯಿತು. ಲಿವರ್ ಮೇಲೆ ಕಣ್ಣಿಟ್ಟಿರಬೇಕು.

ಈ ಅಣು ಕೂರುವುದು ಸಿ5ಎ ಕೂರುವ ಜಾಗದಲ್ಲಲ್ಲ. ರಿಸೆಪ್ಟರ್‌ನ ಹೊರಮೈಯಲ್ಲಿ, ಪೊರೆಯ ಕೊಬ್ಬಿಗೆ ಮುಖ ಮಾಡಿರುವ ಒಂದು ಸಂದಿನಲ್ಲಿ. ಹಾಗಾಗಿ ಅಣುವೂ ದೊಡ್ಡದು, ತೂಕ 581, ಜಿಡ್ಡು ಬೇರೆ. ನುಂಗುವ ಔಷಧಿಗಳ ತೂಕಕ್ಕೆ ಲಿಪಿನ್‌ಸ್ಕಿ ಎಂಬ ವಿಜ್ಞಾನಿ 1997ರಲ್ಲಿ ಹೇಳಿದ 500ರ ಗಡಿ ದಾಟಿದೆ. 10 ಮಿ.ಗ್ರಾಂ ಕ್ಯಾಪ್ಸೂಲ್ ಮೂರು ಮೂರರಂತೆ ದಿನಕ್ಕೆ ಎರಡು ಸಲ ಊಟದ ಜೊತೆ ನುಂಗಬೇಕು. ಡಾಕಿಂಗ್ ಮಾಡುವವರು ಗ್ರಿಡ್ ಬಾಕ್ಸನ್ನು (ಸಾಫ್ಟ್‌ವೇರ್ ಹುಡುಕಬೇಕಾದ ಜಾಗದ ಚೌಕಟ್ಟು) ಮಧ್ಯದ ಪಾಕೆಟ್‌ನಲ್ಲಿ ಇಟ್ಟರೆ ಇಡೀ ಕೆಲಸ ಬೇರೆ ಜಾಗದಲ್ಲಿ ನಡೆದ ಹಾಗೆ!

ಇಲಿಯ ಸಿ5ಎ ರಿಸೆಪ್ಟರ್‌ಗೆ ಅವಕೋಪಾನ್ ಸರಿಯಾಗಿ ಅಂಟುವುದಿಲ್ಲ. ಮನುಷ್ಯನ ರಿಸೆಪ್ಟರ್ ತುರುಕಿದ ವಿಶೇಷ ಇಲಿಗಳ ಮೇಲೆ ಪರೀಕ್ಷೆ ಮಾಡಿದ್ದು ಅದಕ್ಕೇ. ನಮ್ಮ ಕಡೆ ಎಂ.ಫಾರ್ಮ್ ಬಜೆಟ್‌ನಲ್ಲಿ ಅಂಥ ಇಲಿ ಕನಸಿನ ಮಾತು. ಮನುಷ್ಯರ ರಕ್ತದಿಂದ ನ್ಯೂಟ್ರೋಫಿಲ್ ಬೇರ್ಪಡಿಸಿ ಅದೇ ದಿನ ಟೆಸ್ಟ್ ಮಾಡಬಹುದು. ಮೆಡಿಕಲ್ ಕಾಲೇಜು ಒಂದೇ ಕ್ಯಾಂಪಸ್‌ನಲ್ಲಿ ಇದ್ದರೆ ರಕ್ತ ಸಿಗುವುದೂ, ಎಥಿಕ್ಸ್ ಕಮಿಟಿಗೆ ಓಡಾಡುವುದೂ ಸುಲಭ. ಇಲ್ಲದವರು ಲ್ಯಾಬ್‌ನಲ್ಲಿ ಬೆಳೆಸುವ ಯು937 ಎಂಬ ಮನುಷ್ಯರ ಕೋಶಗಳನ್ನು ಹದ ಮಾಡಿಕೊಂಡು ಬಳಸಬಹುದು.

ಟಿಎಲ್‌ಆರ್7 ಮತ್ತು ಟಿಎಲ್‌ಆರ್8

ನನಗೆ ಇಷ್ಟದ್ದು ಇದು, ಮರೆಮಾಚುವುದಿಲ್ಲ. ವೈರಸ್‌ನ ಆರ್‌ಎನ್‌ಎ ಗುರುತು ಹಿಡಿಯಲು ಇರುವ ಈ ರಿಸೆಪ್ಟರ್‌ಗಳು ಜೀವಕೋಶದ ಒಳಗೆ ಎಂಡೋಸೋಮ್ ಎಂಬ ಚೀಲದಲ್ಲಿ ಇರುತ್ತವೆ. ಲೂಪಸ್ ಎಂಬ ಆಟೋಇಮ್ಯೂನ್ ಕಾಯಿಲೆಯಲ್ಲಿ ಸ್ವಂತ ಆರ್‌ಎನ್‌ಎಯನ್ನೇ ವೈರಸ್ ಎಂದು ತಿಳಿದು ಕೂಗೆಬ್ಬಿಸುತ್ತವೆ. ಟಿಎಲ್‌ಆರ್7 ಜೀನ್ ಇರುವುದು ಎಕ್ಸ್ ಕ್ರೋಮೋಸೋಮ್‌ನಲ್ಲಿ. ಹೆಂಗಸರ ಎರಡನೇ ಎಕ್ಸ್‌ನಲ್ಲಿ ಅದು ಕೆಲವು ಕೋಶಗಳಲ್ಲಿ ಪೂರ್ತಿ ಸುಮ್ಮನಾಗುವುದಿಲ್ಲ. ಲೂಪಸ್ ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರಾಗಿರುವುದಕ್ಕೆ ಇದೂ ಒಂದು ಕಾರಣ ಎಂದು ಭಾವಿಸುತ್ತಾರೆ. 2022ರಲ್ಲಿ ಒಬ್ಬಳು ಹುಡುಗಿಯ ಟಿಎಲ್‌ಆರ್7ನಲ್ಲಿದ್ದ ಒಂದೇ ಒಂದು ಅಮೈನೋ ಆಮ್ಲದ ಬದಲಾವಣೆಯೇ ಲೂಪಸ್ ತಂದಿದ್ದು ಎಂದು ಗೊತ್ತಾಯಿತು. ಅದೇ ಬದಲಾವಣೆ ಇಲಿಗೆ ಹಾಕಿದರೆ ಇಲಿಗೂ ಲೂಪಸ್ ಬಂತು. ಟಾರ್ಗೆಟ್ ಸರಿ ಇದೆ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ?

ಹೈಡ್ರಾಕ್ಸಿಕ್ಲೋರೋಕ್ವಿನ್ ಲೂಪಸ್‌ಗೆ ದಶಕಗಳಿಂದ ಇದೆ. ಅದು ಎಂಡೋಸೋಮ್‌ನೊಳಗೆ ಈ ರಿಸೆಪ್ಟರ್‌ಗಳ ಕೆಲಸ ಕೆಡಿಸುತ್ತದೆ, ಆದರೆ ಒರಟಾಗಿ. ನೇರವಾಗಿ ತಡೆಯುವ ಎನ್‌ಪಟೋರಾನ್, ಅಫಿಮೆಟೋರಾನ್ ಎಂಬ ಅಣುಗಳು ರೋಗಿಗಳ ಮೇಲಿನ ಪರೀಕ್ಷೆಗೆ ಬಂದಿವೆ.

ಟಿಎಲ್‌ಆರ್8ರ ರಚನೆ 2013ರಲ್ಲಿ ಟೋಕಿಯೋದ ತಂಡದಿಂದ ಬಂತು. 2018ರಲ್ಲಿ ತಡೆಯುವ ಅಣು ಕೂತಿರುವ ರಚನೆಯೂ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಟಿಎಲ್‌ಆರ್8 ಮೊದಲೇ ಜೋಡಿಯಾಗಿ ಇರುತ್ತದೆ. ಎಚ್ಚರಿಸುವ ಅಣು ಬಂದರೆ ಜೋಡಿ ತಿರುಗಿ ಕೆಳತುದಿಗಳು ಹತ್ತಿರ ಬರುತ್ತವೆ. ತಡೆಯುವ ಅಣು ಅದೇ ಜೋಡಿಯ ನಡುವೆ ಸೇರಿಕೊಂಡು ತಿರುಗಲು ಬಿಡುವುದಿಲ್ಲ. ಚಾಲೂ ಮಾಡುವ ರಚನೆ, ತಡೆಯುವ ರಚನೆ ಎರಡೂ ಕೈಯಲ್ಲಿ ಇರುವುದರಿಂದ ಡಾಕಿಂಗ್‌ಗೆ ಇಲ್ಲಿ ನಿಜವಾದ ಪರೀಕ್ಷೆ ಒಡ್ಡಬಹುದು. ತಡೆಯುವ ಅಣುಗಳನ್ನು ಅದು ಸರಿಯಾದ ರಚನೆಗೇ ಹೆಚ್ಚು ಅಂಕ ಕೊಟ್ಟು ಕೂರಿಸುತ್ತದೆಯೇ ನೋಡಿ. ಇಲ್ಲದಿದ್ದರೆ ಹೊಸ ಅಣುವಿನ ಅಂಕಕ್ಕೆ ಬೆಲೆ ಇಲ್ಲ.

ಟೆಸ್ಟ್ ಸಹ ಚೆಂದ. ರಿಸೆಪ್ಟರ್ ಹಾಕಿದ, ಎಚ್‌ಇಕೆ ಎಂಬ ಮನುಷ್ಯರ ಕೋಶಗಳು ಕೊಳ್ಳಲು ಸಿಗುತ್ತವೆ. ಟಿಎಲ್‌ಆರ್ ಎಚ್ಚರಿಸುವ ಆರ್848 ಎಂಬ ಅಣು ಹಾಕಿ ಕೆರಳಿಸಿದರೆ ಪ್ಲೇಟಿನ ಗುಳಿಗಳು ನೀಲಿಯಾಗುತ್ತವೆ. ನಿಮ್ಮ ಅಣು ತಡೆದರೆ ನೀಲಿ ಮೂಡುವುದಿಲ್ಲ. ಬರಿಗಣ್ಣಿಗೂ ಕಾಣುತ್ತದೆ. ಇಲ್ಲಿ ಮೋಸ ಹೋಗುವುದೂ ಸುಲಭ. ಕೋಶ ಸತ್ತರೂ ನೀಲಿ ಮೂಡುವುದಿಲ್ಲ! ಆದ್ದರಿಂದ ಕೋಶ ಬದುಕಿದೆಯೇ ಎಂದು ತೋರಿಸುವ ಎಂಟಿಟಿ ಟೆಸ್ಟ್ ಪಕ್ಕದಲ್ಲೇ ಹಾಕಿ. ಅದೇ ಕೋಶಗಳನ್ನು ಟಿಎನ್‌ಎಫ್ ಹಾಕಿ ಕೆರಳಿಸಿ ನೋಡಿ. ಅಲ್ಲೂ ನೀಲಿ ಇಳಿದರೆ ನಿಮ್ಮ ಅಣು ಟಿಎಲ್‌ಆರ್ ತಡೆಯುತ್ತಿಲ್ಲ, ಬೇರೇನನ್ನೋ ಕೆಡಿಸುತ್ತಿದೆ. ಅರಿಶಿನದ ಕರ್ಕ್ಯುಮಿನ್ ಹಾಕಿದರೆ ಇಂಥ ಟೆಸ್ಟ್‌ಗಳೆಲ್ಲ ಪಾಸಾದ ಹಾಗೆ ಕಾಣುವುದೂ ಹೆಚ್ಚುಕಡಿಮೆ ಇದೇ ಕಾರಣಕ್ಕೆ. ದಯವಿಟ್ಟು ಕರ್ಕ್ಯುಮಿನ್ ಬಿಡಿ.

ನೆಗೆಟಿವ್ ಪಾಯಿಂಟ್ ಇಲ್ಲದಿಲ್ಲ. ಎಂಡೋಸೋಮ್ ಹುಳಿ ಜಾಗ. ಬೇಸಿಕ್ ಅಮೀನ್ ಇರುವ ಅಣು ಅಲ್ಲಿ ಚೆನ್ನಾಗಿ ಶೇಖರವಾಗುತ್ತದೆ, ಅದು ಲಾಭ. ಅದೇ ಅಮೀನ್ ಹೃದಯ ಬಡಿತದ ಲಯ ಕಾಯುವ ಹರ್ಗ್ ಚಾನೆಲ್‌ಗೆ ತಗುಲುವ ಅಪಾಯವನ್ನೂ ತರುತ್ತದೆ. ಇಲಿಯ ಟಿಎಲ್‌ಆರ್8 ಮನುಷ್ಯನದ್ದರ ಹಾಗೆ ಆರ್848ಕ್ಕೆ ಓಗೊಡುವುದಿಲ್ಲ, ಹಾಗಾಗಿ ಟಿಎಲ್‌ಆರ್8 ಮಾತ್ರ ಬೇಕೆನ್ನುವವರಿಗೆ ಮನುಷ್ಯರ ರಕ್ತದ ಕೋಶಗಳೇ ಗತಿ. ಟಿಎಲ್‌ಆರ್7 ಆದರೆ ಇಲಿ ನಡೆಯುತ್ತದೆ. ಟಿಎಲ್‌ಆರ್7 ಕೆರಳಿಸುವ ಇಮಿಕ್ವಿಮೋಡ್ ಕ್ರೀಮ್ ಹಚ್ಚಿದರೆ ಇಲಿಯ ಚರ್ಮ ಸೋರಿಯಾಸಿಸ್ ಥರ ಆಗುತ್ತದೆ, ಆ ಮಾಡೆಲ್ ಎಲ್ಲ ಕಡೆ ಚಾಲ್ತಿಯಲ್ಲಿದೆ.

ಟಿಎನ್‌ಎಫ್

ಕಾಯಿಲೆಯ ಕಡೆಯಿಂದ ನೋಡಿದರೆ ಟಿಎನ್‌ಎಫ್‌ಗಿಂತ ಸಾಬೀತಾದ ಟಾರ್ಗೆಟ್ ಇಲ್ಲ. ಅಣುವಿನ ಕಡೆಯಿಂದ ನೋಡಿದರೆ ಇದಕ್ಕಿಂತ ಕಷ್ಟದ್ದೂ ಇಲ್ಲ. ಟಿಎನ್‌ಎಫ್ ಮತ್ತು ಅದರ ರಿಸೆಪ್ಟರ್ ಸೇರುವ ಮೈ ನೀರುದೋಸೆ ಕಾವಲಿಯ ಹಾಗೆ ಅಗಲ, ಚಪ್ಪಟೆ. ಅಣು ಕಾಲೂರಲು ಗುಂಡಿಯೇ ಇಲ್ಲ. 2005ರಲ್ಲಿ ಎಸ್‌ಪಿಡಿ304 ಎಂಬ ಅಣು ಟಿಎನ್‌ಎಫ್‌ನ ಮೂರು ತುಂಡುಗಳಲ್ಲಿ ಒಂದನ್ನು ಹೊರದಬ್ಬುವುದನ್ನು ತೋರಿಸಿದರು. ಅದರಲ್ಲಿ ಲಿವರ್ ವಿಷವಾಗಿ ಬದಲಾಯಿಸುವ ಭಾಗ ಇದ್ದದ್ದರಿಂದ ಔಷಧಿಯಾಗಲಿಲ್ಲ. 2019ರಲ್ಲಿ ಇನ್ನೊಂದು ತಂಡ ಮೂರು ತುಂಡುಗಳನ್ನು ಸೊಟ್ಟ ಆಕಾರದಲ್ಲಿ ಕಟ್ಟಿಹಾಕುವ ಅಣುಗಳನ್ನು ತೋರಿಸಿತು. ದಾರಿ ಇದೆ ಎಂದಾಯಿತು. ಆದರೆ ಇದಕ್ಕೆ ಪ್ರೋಟೀನ್ ಶುದ್ಧ ಮಾಡುವವರು, ಅಣು ಅಂಟುವುದನ್ನು ಅಳೆಯುವ ಎಸ್‌ಪಿಆರ್ ಮೆಷಿನ್, ಸ್ಫಟಿಕ ಬೆಳೆಸುವವರು ಬೇಕು. ಎರಡು ಸೆಮಿಸ್ಟರ್‌ನಲ್ಲಿ ಆಗುವ ಕೆಲಸ ಅಲ್ಲ. ಪಿಎಚ್.ಡಿ.ಗೆ, ಅದೂ ಬೆಂಗಳೂರಿನ ರಚನಾ ಜೀವವಿಜ್ಞಾನದ ಲ್ಯಾಬ್ ಜೊತೆ ನಂಟಿದ್ದರೆ ಮಾತ್ರ ಯೋಚಿಸಿ.

ನಿಮ್ಮ ಕೈಯಲ್ಲಿ ಏನಿದೆ?

ಲ್ಯಾಪ್‌ಟಾಪ್ ಮಾತ್ರ ಇದೆ, ವೆಟ್ ಲ್ಯಾಬ್ ಇಲ್ಲ ಅನ್ನುವವರು ಟಿಎಲ್‌ಆರ್8 ತೆಗೆದುಕೊಳ್ಳಿ. ಆಟೋಡಾಕ್ ವಿನಾ ಎಂಬ ಡಾಕಿಂಗ್ ಸಾಫ್ಟ್‌ವೇರ್ ಉಚಿತ, ಪಿಡಿಬಿ ಉಚಿತ, ಕೆಂಬಲ್ ಎಂಬ ಮಾಹಿತಿ ಸಂಗ್ರಹದಲ್ಲಿ ಗೊತ್ತಿರುವ ಅಣುಗಳ ಅಂಕಿಅಂಶ ಸಿಗುತ್ತದೆ. ಮೊದಲು ರಚನೆಯಲ್ಲಿರುವ ಅಣುವನ್ನೇ ತೆಗೆದು ಮತ್ತೆ ಡಾಕ್ ಮಾಡಿ. 2 ಆಂಗ್‌ಸ್ಟ್ರಾಮ್ ಒಳಗೆ ಮೂಲ ಜಾಗಕ್ಕೆ ಬರಬೇಕು. ಆಮೇಲೆ ಕೆಲಸ ಮಾಡುವ ಅಣುಗಳ ಜೊತೆ ಮಾಡದವನ್ನೂ ಬೆರೆಸಿ, ಬೇರ್ಪಡಿಸಲು ಆಗುತ್ತದೆಯೇ ನೋಡಿ. ಡಾಕಿಂಗ್ ಅಂಕ ಮೈನಸ್ 8.2ಕ್ಕೂ ಮೈನಸ್ 8.9ಕ್ಕೂ ವ್ಯತ್ಯಾಸ ಇದೆ ಎಂದು ಉದ್ದುದ್ದ ಬರೆಯಬೇಡಿ. ಸಾಫ್ಟ್‌ವೇರ್‌ನ ತಪ್ಪಿನ ಅಂದಾಜೇ ಅದಕ್ಕಿಂತ ದೊಡ್ಡದು.

ಸಿಂಥೆಸಿಸ್ ಲ್ಯಾಬ್ ಚೆನ್ನಾಗಿದೆ, ಸೆಲ್ ಕಲ್ಚರ್ ಇಲ್ಲ ಅನ್ನುವವರಿಗೆ ಜ್ಯಾಕ್ ಕುಟುಂಬವೇ ಸರಿ. ಹತ್ತು ಹನ್ನೆರಡು ಅಣು ಮಾಡಿ, ಕಿಟ್‌ನಲ್ಲಿ ಜ್ಯಾಕ್1, ಜ್ಯಾಕ್2 ಎರಡರ ಮೇಲೂ ಅಳೆಯಿರಿ. ಒಂದರ ಮೇಲೆ ಮಾತ್ರ ಅಳೆದರೆ ಆಯ್ಕೆಯ ಗುಣ ಇದೆಯೇ ಎಂದು ಹೇಳಲು ಆಗುವುದಿಲ್ಲ. ದುಡ್ಡು ಎರಡು ಕಿಟ್‌ಗೆ ಸಾಲದಿದ್ದರೆ ಅಣುಗಳ ಸಂಖ್ಯೆ ಇಳಿಸಿ, ಕಿಟ್ ಇಳಿಸಬೇಡಿ.

ಎನಿಮಲ್ ಹೌಸ್ ಗಟ್ಟಿ ಇರುವ ಫಾರ್ಮಕಾಲಜಿಯವರು ಎಸ್1ಪಿ1 ನೋಡಬಹುದು. ಹೊಸ ಅಣು ಹುಡುಕುವ ಹಠ ಬಿಟ್ಟು, ಇರುವ ಔಷಧಿಯ ಹೊಸ ಫಾರ್ಮ್ಯುಲೇಶನ್‌ಗೋ, ನಿಲ್ಲಿಸಿದ ಮೇಲೆ ಲಿಂಫೋಸೈಟ್ ಎಷ್ಟು ಬೇಗ ವಾಪಸ್ ಬರುತ್ತದೆ ಎಂಬುದಕ್ಕೋ ಕೆಲಸ ತಿರುಗಿಸಿದರೆ ಒಳ್ಳೆಯದು.

ಮೆಡಿಕಲ್ ಕಾಲೇಜಿನ ಪಕ್ಕದಲ್ಲೇ ಇದ್ದೀರಿ, ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್ ಸಿಗುತ್ತದೆ ಎಂದಾದರೆ ಸಿ5ಎ ರಿಸೆಪ್ಟರ್ ಒಳ್ಳೆಯ ಆಯ್ಕೆ. ಇದರಲ್ಲಿ ಕೆಲಸ ಮಾಡುವವರು ಕಡಿಮೆ, ಹೇಳಲು ಹೊಸದು ಉಳಿದಿದೆ. ಆದರೆ ಎಥಿಕ್ಸ್ ಒಪ್ಪಿಗೆಗೆ ಕಾಯುವ ಸಮಯವನ್ನು ಲೆಕ್ಕಕ್ಕೆ ಹಿಡಿಯಿರಿ. ಸಿನಾಪ್ಸಿಸ್ ಕೊಟ್ಟ ಮರುದಿನವೇ ಅರ್ಜಿ ಹಾಕಿ.

ಸೆಲ್ ಕಲ್ಚರ್ ಇರುವವರಿಗೆ ನನ್ನ ಓಟು ಟಿಎಲ್‌ಆರ್7ಕ್ಕೇ. ಎರಡು ಸಂಗತಿ ಮಾತ್ರ ಕರಾವಳಿಯವರು ಬೇರೆಯವರಿಗಿಂತ ಜಾಸ್ತಿ ನೋಡಿಕೊಳ್ಳಬೇಕು. ಅಣುಗಳನ್ನು ಕರಗಿಸಿಡುವ ಡಿಎಂಎಸ್‌ಒ ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ. ನಮ್ಮ ಸೆಕೆಯಲ್ಲಿ ಬಾಟಲಿ ಮುಚ್ಚಳ ತೆರೆದು ಇಟ್ಟರೆ ಕೆಲವು ವಾರದಲ್ಲೇ ನೀರು ಸೇರಿ ಅಣು ತಳಕ್ಕೆ ಇಳಿಯುತ್ತದೆ. ನೀವು 10 ಮೈಕ್ರೋಮೋಲಾರ್ ಹಾಕಿದೆ ಎಂದುಕೊಂಡಿರುತ್ತೀರಿ, ಬಿದ್ದದ್ದು ಅರ್ಧವೂ ಇರುವುದಿಲ್ಲ. ಚಿಕ್ಕ ಚಿಕ್ಕ ಟ್ಯೂಬ್‌ಗಳಲ್ಲಿ ಹಂಚಿ, ಸಿಲಿಕಾ ಜೆಲ್ ಜೊತೆ ಫ್ರೀಜರ್‌ನಲ್ಲಿಡಿ. ಒಂದು ಟ್ಯೂಬ್ ತೆರೆದರೆ ಮುಗಿಸಿಬಿಡಿ.

ಇನ್ನೊಂದು, ಕೋಶಗಳು ಡ್ರೈ ಐಸ್‌ನಲ್ಲಿ ಬರುತ್ತವೆ. ಜುಲೈನಲ್ಲಿ ಶಿರಾಡಿ ಘಾಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಬೆಂಗಳೂರಿನಿಂದ ಹೊರಟ ಡಬ್ಬಿ ಸಕಲೇಶಪುರದಲ್ಲೇ ಕೂತಿರುತ್ತದೆ, ಡ್ರೈ ಐಸ್ ಮಾತ್ರ ಆವಿಯಾಗುತ್ತಾ ಹೋಗುತ್ತದೆ. ಮೇ ಮುಗಿಯುವುದರೊಳಗೆ ತರಿಸಿ, ಮೊದಲ ವಾರವೇ ಬೆಳೆಸಿ ನಾಲ್ಕೈದು ವಯಲ್ ದ್ರವ ಸಾರಜನಕದಲ್ಲಿ ಹಾಕಿಡಿ. ಮಳೆಗಾಲದಲ್ಲಿ ಇನ್‌ಕ್ಯುಬೇಟರ್ ಕೈಕೊಟ್ಟರೂ ಆ ವಯಲ್‌ಗಳಿಂದ ಮತ್ತೆ ಶುರು ಮಾಡಬಹುದು.